ಮಗನಿಗೆ ಹದಿನೈದು: ಶಾಲೆ ಮುಗಿಯುವ ಮೊದಲೇ ಹಿಡಿಯಬೇಕಾದ ಕೆಲಸ

ಪ್ರಶ್ನೆ: ನಮಸ್ಕಾರ್ರೀ. ನಾವು ಹುಬ್ಬಳ್ಳಿ ನವನಗರದಾಗ ಇರೋರು. ಮಗಗ 15 ತುಂಬಿ ಮೂರು ತಿಂಗಳಾತು, 9ನೇತ್ತ ಓದಾಕತ್ತಾನ. 9 ವರ್ಷದಾವ ಇದ್ದಾಗ ಬುದ್ಧಿಮಾಂದ್ಯತೆ ಶೇ. 50 ಅಂತ ಸರ್ಟಿಫಿಕೇಟ್ ಆಗೇತಿ. ಸಣ್ಣ ಸಣ್ಣ ವಾಕ್ಯ ಓದ್ತಾನ, 20ರ ತನಕ ಕೂಡಸ್ತಾನ, ಗಡಿಯಾರ ತಿಳಿಯಂಗಿಲ್ಲ. ಒಬ್ಬನ ಎಲ್ಲೂ ಹೋಗಿಲ್ಲ. ಸಾಲಿಯೊಳಗ "ಇವನ ಕೈಲೆ ಎಸ್ಸೆಸ್ಸೆಲ್ಸಿ ಆಗಂಗಿಲ್ಲ, ಸ್ಪೆಷಲ್ ಸ್ಕೂಲಿಗೆ ಹಾಕ್ರಿ" ಅಂತಾರ. ನಮ್ಮ ಮನಿಯವರು ಅಮರಗೋಳ ಎಪಿಎಂಸಿಯೊಳಗ ಗುಮಾಸ್ತರು, "ಹತ್ತನೇತ್ತ ಮುಗೀಲಿ, ಆಮ್ಯಾಲ ನೋಡೂಣು" ಅಂತಾರ. ನಾ ಮನ್ಯಾಗ ರೊಟ್ಟಿ ಆರ್ಡರ್ ಹಿಡದು ಮಾಡಿ ಕೊಡ್ತೀನಿ. ಅವನ ಅಕ್ಕನ ಮದುವಿ ಆದಮ್ಯಾಲ, ನಮ್ಮ ಕಾಲ ಮುಗದಮ್ಯಾಲ ಇವನ್ನ ಯಾರ್ ನೋಡ್ತಾರ ಅನ್ನೂದ ಚಿಂತಿ. ಈಗ ಏನ್ ಮಾಡ್ಬೇಕ್ರೀ?

ಉತ್ತರ: ಅಕ್ಕಾರ, ಶಾಲೆ ಬಿಡಿಸಬೇಡಿ. ಹತ್ತನೇತ್ತ ಮುಗಿಯುವ ತನಕ ಕಾಯಲೂ ಬೇಡಿ. ಶಾಲೆಯವರೂ ನಿಮ್ಮ ಮನೆಯವರೂ ಪರೀಕ್ಷೆಯೊಂದನ್ನೇ ನೋಡುತ್ತಿದ್ದಾರೆ. ಮಗನಿಗೆ 21 ವರ್ಷ ಆದಾಗ ಒಂದು ಸೋಮವಾರ ಬೆಳಿಗ್ಗೆ 9 ಗಂಟೆಗೆ ಅವನು ಎಲ್ಲಿರಬೇಕು? ಆ ಲೆಕ್ಕ ಇಟ್ಟುಕೊಂಡು ಹಿಂದಕ್ಕೆ ಬನ್ನಿ. ಏನೂ ತಯಾರಿ ಇಲ್ಲದೆ ಹತ್ತನೇತ್ತ ದಾಟಿದ ಮಕ್ಕಳು ಬಹಳ ಸಲ ಟಿವಿ ಮುಂದೆ ಕೂರುತ್ತಾರೆ. ಹೊತ್ತಿಗೆ ಸರಿಯಾಗಿ ಏಳುವುದು, ಬುತ್ತಿ ಕಟ್ಟಿಕೊಂಡು ಹೊರಡುವುದು, ಹೊರಗಿನವರ ಮಾತು ಕೇಳಿ ಒಂದೆಡೆ ಕೂತು ಕೆಲಸ ಮಾಡುವುದು, ಇವೆಲ್ಲ ಶಾಲೆ ಕೊಟ್ಟ ರೂಢಿ. ಒಂದು ವರ್ಷ ಮನೆಯಲ್ಲಿ ಕೂತರೆ ಅದು ಹೋಗುತ್ತದೆ, ತಿರುಗಿ ಕಟ್ಟಲು ಎರಡು ವರ್ಷ ಹಿಡಿಯುತ್ತದೆ.

18 ತುಂಬಲು ನಿಮಗೆ 33 ತಿಂಗಳು ಉಳಿದಿವೆ. ಅಷ್ಟರಲ್ಲಿ ಅವನಿಗೆ ಮೂರು ಬರಬೇಕು: ಒಬ್ಬನೇ ಹೋಗಿ ಬರುವುದು, ಎರಡು ತಾಸು ಬಿಡದೆ ಕೆಲಸ ಮಾಡುವುದು, ತನ್ನ ದುಡ್ಡು ಮತ್ತು ತನ್ನ ಮೈ ತಾನು ನೋಡಿಕೊಳ್ಳುವುದು. ಅಮೆರಿಕದಲ್ಲಿ ವಿಶೇಷ ಶಿಕ್ಷಣ ಪಡೆಯುವ ಪ್ರತಿ ಮಗುವಿಗೂ 16 ವರ್ಷದೊಳಗೆ ಶಾಲೆಯೇ ಇಂಥ ಯೋಜನೆಯನ್ನು ಬರೆದು ಶುರು ಮಾಡಬೇಕೆಂಬ ಕಾನೂನಿದೆ. ನಮ್ಮಲ್ಲಿ ಆ ಕೆಲಸ ತಾಯಂದಿರ ತಲೆಗೇ ಬರುತ್ತದೆ. ನ್ಯಾಯವಲ್ಲ, ಆದರೆ ಹಾಗೇ ಇದೆ.

ಮೊದಲು ಕಾಗದಪತ್ರ. ಶೇ. 50 ಅಂದರೆ "ಅರ್ಧ ಬುದ್ಧಿ" ಅಂತ ಎಷ್ಟೋ ಜನ ತಿಳಿಯುತ್ತಾರೆ, ಅದು ತಪ್ಪು. ಮನಶ್ಶಾಸ್ತ್ರಜ್ಞರು ಎರಡು ನೋಡಿರುತ್ತಾರೆ. ಒಂದು ಬುದ್ಧಿಮಟ್ಟದ ಪರೀಕ್ಷೆ. ನಮ್ಮ ಕಡೆ ಹೆಚ್ಚಾಗಿ ಬಿನೆ-ಕಾಮತ್, ಅದು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದೇ ವಿ.ವಿ. ಕಾಮತರು ಹೊಂದಿಸಿದ್ದು. ಇನ್ನೊಂದು ವೈನ್‌ಲ್ಯಾಂಡ್ ಮಾಪನ: ಉಣ್ಣುವುದು, ಉಡುವುದು, ಜನರೊಡನೆ ಬೆರೆಯುವುದು ಅವನ ವಯಸ್ಸಿಗೆ ಎಷ್ಟು ಬಂದಿದೆ ಅಂತ. ಅಸಾಮರ್ಥ್ಯ ಅಳೆಯಲು ಕೇಂದ್ರ ಸರ್ಕಾರ ಹೊರಡಿಸಿದ 2018ರ ಮಾರ್ಗಸೂಚಿಯಲ್ಲಿ ಈ ಎರಡನೆಯದರ ಅಂಕದ ಮೇಲೆ ಶೇಕಡಾ ನಿಂತಿದೆ. ಅಂಕ 55ರಿಂದ 69 ಇದ್ದರೆ ಶೇ. 50, ಅದೇ ಸೌಮ್ಯ ಮಟ್ಟ. 36ರಿಂದ 54ಕ್ಕೆ ಶೇ. 75, 21ರಿಂದ 35ಕ್ಕೆ ಶೇ. 90. ಅಂದರೆ ನಿಮ್ಮ ಮಗ ಕಲಿಯಬಲ್ಲವರ ಗುಂಪಿನಲ್ಲಿದ್ದಾನೆ, ನಿಧಾನಕ್ಕೆ, ಕೈಯಿಂದ ಮಾಡಿ ಕಲಿಯುವ ಹುಡುಗ. "ಇವನ ಕೈಲೆ ಆಗಂಗಿಲ್ಲ" ಅನ್ನುವ ಮಾತನ್ನು ಸರ್ಟಿಫಿಕೇಟ್ ಹೇಳಿಲ್ಲ.

ಅದೇ ಮಾರ್ಗಸೂಚಿಯಂತೆ ಬೌದ್ಧಿಕ ಅಸಾಮರ್ಥ್ಯದ ಪ್ರಮಾಣಪತ್ರವನ್ನು 5, 10 ಮತ್ತು 18 ವರ್ಷಕ್ಕೆ ಮತ್ತೆ ಮಾಡಿಸಬೇಕು. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ನಿಮ್ಮದು 9ರಲ್ಲಿ ಆದದ್ದು, ಅವಧಿ ಮುಗಿದಿರುವುದೇ ಹೆಚ್ಚು; ಕೆಳಗೆ ಬರೆದ ತಾರೀಖು ಇವತ್ತೇ ನೋಡಿ. ಹಳೇ ಕಾಗದದ ಸರ್ಟಿಫಿಕೇಟ್ ಆಗಿದ್ದರೆ ಯುಡಿಐಡಿ ಕಾರ್ಡಿಗೆ, ಅಂದರೆ ವಿಕಲಚೇತನರ ಗುರುತಿನ ಚೀಟಿಗೆ, ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ. ತಪಾಸಣೆಗೆ ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅನುಕೂಲ, ಮನೋವೈದ್ಯರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟ್ ಇಬ್ಬರೂ ಒಂದೇ ಆವರಣದಲ್ಲಿ ಸಿಗುತ್ತಾರೆ. ಶೇ. 40ರಿಂದ 79ರ ತನಕ ಬರುವುದು ಹಳದಿ ಕಾರ್ಡು. ಹೋದಾಗ ಕಿವಿ ಮತ್ತು ಕಣ್ಣು ಕೂಡ ತೋರಿಸಿ. ಓದಿನಲ್ಲಿ ಹಿಂದೆ ಬೀಳಲು ಅರ್ಧ ಕಾರಣ ಮಂದ ಕಿವಿಯೋ ಕನ್ನಡಕ ಇಲ್ಲದ ಕಣ್ಣೋ ಆಗಿದ್ದು, ಬುದ್ಧಿಮಾಂದ್ಯ ಅಂದಮೇಲೆ ಅದನ್ನು ಯಾರೂ ನೋಡದೇ ಬಿಟ್ಟಿರುವುದು ಅಪರೂಪವಲ್ಲ.

ಇದಕ್ಕೂ ಮೊದಲು ಆಧಾರ್. ಮಕ್ಕಳ ಬೆರಳಚ್ಚು ಮತ್ತು ಕಣ್ಣಿನ ಗುರುತನ್ನು 5ಕ್ಕೆ ಒಮ್ಮೆ, 15ಕ್ಕೆ ಒಮ್ಮೆ ಹೊಸದಾಗಿ ಕೊಡಬೇಕು. ಕೊಡದಿದ್ದರೆ ಮುಂದೆ ಪಿಂಚಣಿ, ಬ್ಯಾಂಕು, ಎಲ್ಲ ಕಡೆ "ಮ್ಯಾಚ್ ಆಗ್ತಿಲ್ಲ" ಅಂತ ವಾಪಸ್ ಕಳಿಸುತ್ತಾರೆ. ಇನ್ನೊಂದು ರಗಳೆ ಹೆಸರಿನದು. ಆಧಾರ್‌ನಲ್ಲಿ ಅಡ್ಡಹೆಸರು ಇರುತ್ತದೆ, ಶಾಲೆ ದಾಖಲಾತಿಯಲ್ಲಿ ಇರುವುದಿಲ್ಲ; ಒಂದರಲ್ಲಿ "ಪ್ಪ", ಇನ್ನೊಂದರಲ್ಲಿ "ಪಾ". ಜನನ ಪ್ರಮಾಣಪತ್ರ, ಶಾಲೆ, ಆಧಾರ್, ಯುಡಿಐಡಿ ನಾಲ್ಕನ್ನೂ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ. ಹತ್ತನೇತ್ತಿನ ಅಂಕಪಟ್ಟಿ ಮುದ್ರಣವಾದ ಮೇಲೆ ತಿದ್ದಿಸಲು ವರ್ಷಗಟ್ಟಲೆ ಓಡಾಡಬೇಕಾದೀತು.

ಇನ್ನು ಶಾಲೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 31ನೇ ಕಲಂ ಪ್ರಕಾರ ಶೇ. 40 ಮತ್ತು ಮೇಲ್ಪಟ್ಟ ಅಸಾಮರ್ಥ್ಯ ಇರುವ 6ರಿಂದ 18 ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಿ ಅಥವಾ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಆರಿಸಿಕೊಳ್ಳುವವರು ನೀವು, ಮುಖ್ಯೋಪಾಧ್ಯಾಯರಲ್ಲ. 17ನೇ ಕಲಮಿನಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಅಂತ ಹೆಸರಿಟ್ಟೇ ಹೇಳಿದೆ. ಮುಖ್ಯೋಪಾಧ್ಯಾಯರ ಹತ್ತಿರ ಕಾನೂನು ಓದಿ ಜಗಳಕ್ಕೆ ನಿಲ್ಲಬೇಡಿ. "ಸರ್, ಸ್ಯಾಟ್ಸ್‌ನಲ್ಲಿ ಇವನನ್ನು ವಿಶೇಷ ಅಗತ್ಯವುಳ್ಳ ಮಗು ಅಂತ ದಾಖಲು ಮಾಡಿದ್ದೀರಾ, ಯಾವ ವಿಧ ಅಂತ ಹಾಕಿದ್ದೀರಾ?" ಅಂತ ಕೇಳಿ. ಸ್ಯಾಟ್ಸ್ ಅಂದರೆ ಪ್ರತಿ ವಿದ್ಯಾರ್ಥಿಯ ವಿವರ ಇಡುವ ಸರ್ಕಾರದ ಆನ್‌ಲೈನ್ ದಾಖಲೆ. ಅದರಲ್ಲಿ ಆ ಒಂದು ಕಾಲಂ ಖಾಲಿ ಇದ್ದರೆ ಹುಡುಗ ಯೋಜನೆಗಳ ಲೆಕ್ಕಕ್ಕೇ ಬರುವುದಿಲ್ಲ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಬಿಐಇಆರ್‌ಟಿ ಅಂತ ವಿಶೇಷ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರು ಶಾಲೆಗೆ ಬಂದು ನೋಡಬೇಕು, ವೈದ್ಯಕೀಯ ಶಿಬಿರಕ್ಕೆ ಹೆಸರು ಸೇರಿಸಬೇಕು. ಅವರ ಫೋನ್ ನಂಬರು ನಿಮ್ಮ ಹತ್ತಿರ ಇರಲಿ.

ಎಸ್ಸೆಸ್ಸೆಲ್ಸಿ ವಿಷಯದಲ್ಲಿ ಬಿಚ್ಚಿ ಹೇಳುತ್ತೇನೆ. 20ರ ತನಕ ಕೂಡಿಸುವ, ಸಣ್ಣ ವಾಕ್ಯ ಓದುವ ಹುಡುಗನಿಗೆ ಈಗಿನ ಗಣಿತ, ವಿಜ್ಞಾನದ ಪತ್ರಿಕೆ ವಿನಾಯಿತಿ ಸಿಕ್ಕರೂ ಕಷ್ಟ. ಸಹಾಯಕ ಬರೆಯುವುದು ಹುಡುಗ ಬಾಯಲ್ಲಿ ಹೇಳಿದ್ದನ್ನು ಮಾತ್ರ. ಬಾಯಲ್ಲಿ ಉತ್ತರ ಇಲ್ಲದಿದ್ದರೆ ಮೂರು ತಾಸು ಜೊತೆಗೆ ಇನ್ನೊಂದು ತಾಸು ಕೊಟ್ಟರೂ ಹಾಳೆ ಖಾಲಿ. ಆದರೂ ಬರೆಸಿ ಅನ್ನುತ್ತೇನೆ. ಕಾರಣ, ಇನ್ನೆರಡು ವರ್ಷ ಓರಗೆಯವರ ಜೊತೆ ಶಾಲೆಗೆ ಹೋಗುವುದೇ ಅವನಿಗೆ ದೊಡ್ಡ ಪಾಠ. ಬರೆಸುವುದಾದರೆ ವಿನಾಯಿತಿಯ ಅರ್ಜಿ ಪರೀಕ್ಷೆಗೆ ನೋಂದಾಯಿಸುವಾಗಲೇ ಶಾಲೆಯಿಂದ ಹೋಗಬೇಕು. ಪ್ರವೇಶಪತ್ರ ಕೈಗೆ ಬಂದಮೇಲೆ ಸಹಾಯಕ ಬೇಕು ಅಂತ ಓಡುವವರು ಪ್ರತಿ ವರ್ಷ ಇರುತ್ತಾರೆ. ಹೇಳಿ ಬರೆಸುವುದನ್ನೂ ಕಲಿಸಬೇಕು: ದಿನಕ್ಕೆ 15 ನಿಮಿಷ ಅಕ್ಕ ಪ್ರಶ್ನೆ ಓದಲಿ, ಅವನು ಪೂರ್ತಿ ವಾಕ್ಯದಲ್ಲಿ ಹೇಳಲಿ, ಅವಳು ಹೇಳಿದಷ್ಟೇ ಬರೆದು ತಿರುಗಿ ಓದಿ ತೋರಿಸಲಿ. ಅಭ್ಯಾಸ ಇಲ್ಲದ ಮಕ್ಕಳು ಹೊಸ ಮುಖ ಕಂಡಕೂಡಲೇ ಬಾಯಿ ಮುಚ್ಚಿ ಕೂರುತ್ತಾರೆ.

ಪಾಸಾಗದಿದ್ದರೆ, ಅಥವಾ ಗಣಿತದ ಹೆದರಿಕೆಗೆ ಶಾಲೆಯೇ ಬೇಡ ಅಂತ ಅವನು ಹಟ ಹಿಡಿದರೆ, ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ಇದೆ. ಅಲ್ಲಿ ಸೆಕೆಂಡರಿಗೆ 14 ತುಂಬಿದ್ದರೆ ಸಾಕು. ಐದು ವಿಷಯ, ಗಣಿತ ಕಡ್ಡಾಯವಿಲ್ಲ. ಚಿತ್ರಕಲೆ, ಗೃಹವಿಜ್ಞಾನದಂಥವನ್ನು ಆರಿಸಿಕೊಳ್ಳಬಹುದು. ಒಂದೊಂದೇ ವಿಷಯ ಕಟ್ಟಿ 5 ವರ್ಷದಲ್ಲಿ 9 ಅವಕಾಶದೊಳಗೆ ಮುಗಿಸಬಹುದು. ಸೇರಿಸುವ ಮೊದಲು ನೀವು ಆರಿಸಿದ ವಿಷಯದ ಪುಸ್ತಕ ಕನ್ನಡದಲ್ಲಿ ಕೈಗೆ ಕೊಡಿ ಅಂತ ಕೇಳಿ, ಕಣ್ಣಿಂದ ನೋಡಿಯೇ ಹಣ ಕಟ್ಟಿ. ಅದಕ್ಕೂ ಕೆಳಗೆ ಮುಕ್ತ ಮೂಲ ಶಿಕ್ಷಣದ ಎ, ಬಿ, ಸಿ ಹಂತಗಳಿವೆ, ಕ್ರಮವಾಗಿ 3, 5 ಮತ್ತು 8ನೇ ತರಗತಿಗೆ ಸಮ.

ವಿಶೇಷ ಶಾಲೆ ಬೇಡವೇ ಬೇಡ ಅಂತಲ್ಲ. 15ನೇ ವಯಸ್ಸಿನಲ್ಲಿ ಅಲ್ಲಿಂದ ನಿಮಗೆ ಬೇಕಾದದ್ದು ಅಕ್ಷರವಲ್ಲ, ವೃತ್ತಿಪೂರ್ವ ತರಬೇತಿ. ಅದನ್ನು ಶನಿವಾರ ಮಧ್ಯಾಹ್ನ, ಸೂಟಿಯಲ್ಲಿ ಕೊಡುತ್ತಾರೇನು ಕೇಳಿ. ಕಲಿಸುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ನಿಮ್ಮ ಮಗನ ಹೆಸರಿನಲ್ಲೇ ಬರೆದ ಯೋಜನೆ ಇರಬೇಕು, ಎಲ್ಲರಿಗೂ ಒಂದೇ ಟೈಮ್‌ಟೇಬಲ್ ಅಲ್ಲ. ಮತ್ತೆ ಈ ಪ್ರಶ್ನೆ ತಪ್ಪದೆ ಕೇಳಿ: "ಹೋದ ಮೂರು ವರ್ಷದಲ್ಲಿ ಇಲ್ಲಿಂದ ಹೊರಬಿದ್ದ ಮಕ್ಕಳು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ?" ಮೇಣದಬತ್ತಿ, ಫಿನಾಯಿಲ್, ಕಾಗದದ ಚೀಲ ತೋರಿಸಿದರೆ ಹೋದ ತಿಂಗಳು ಅವನ್ನು ಕೊಂಡವರು ಯಾರು ಅಂತ ಕೇಳಿ. ದೀಪಾವಳಿ ಪ್ರದರ್ಶನದಲ್ಲಿ ಕನಿಕರಕ್ಕೆ ಮಾರಾಟವಾಗುವ ಸಾಮಾನು ತಯಾರಿಸಲು ಕಲಿತರೆ ಉಳಿದ ಹನ್ನೊಂದು ತಿಂಗಳು ಕೈ ಖಾಲಿ.

ಈಗ ಮುಖ್ಯ ಸಂಗತಿಗೆ ಬರೋಣ. ಒಬ್ಬನೇ ಹೋಗಿ ಬರುವುದು ಗೊತ್ತಿಲ್ಲದಿದ್ದರೆ ಎಂಥ ಕೆಲಸ ಸಿಕ್ಕರೂ ಉಳಿಯುವುದಿಲ್ಲ. ದಿನಾ ಬಿಟ್ಟು ಬರುವವರು ಒಂದು ದಿನ ಜ್ವರ ಬಂದು ಮಲಗಿದರೆ ಅವನ ಕೆಲಸವೂ ಮಲಗಿತು. ಈ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ, ಮನೆ ಹತ್ತಿರವೇ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ನಿಲ್ದಾಣ ಇದೆ. ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಎತ್ತರ, ಟಿಕೆಟ್ ನಿಲ್ದಾಣದಲ್ಲೇ ಸಿಗುತ್ತದೆ, ಬಸ್ಸಿನೊಳಗೆ ಚಿಲ್ಲರೆ ಗದ್ದಲ ಇಲ್ಲ. ನವನಗರದಿಂದ ಉಣಕಲ್ಲಿಗೆ ಮೊದಲ ದಾರಿ ಇಟ್ಟುಕೊಳ್ಳಿ. ಕಿಟಕಿಯಿಂದ ಕೆರೆ ಕಂಡರೆ ಏಳಲು ತಯಾರಾಗಬೇಕು ಅನ್ನುವ ಗುರುತು ತಾನಾಗಿ ಸಿಗುತ್ತದೆ.

ಕಲಿಸುವಾಗ ಕೊನೆಯಿಂದ ಹಿಂದಕ್ಕೆ ಬನ್ನಿ. ಮೊದಲ ಎರಡು ವಾರ ಎಲ್ಲ ನೀವೇ ಮಾಡಿ, ಇಳಿಯುವುದನ್ನು ಮಾತ್ರ ಅವನಿಗೆ ಬಿಡಿ: ಯಾವಾಗ ಏಳಬೇಕು, ಯಾವ ಬಾಗಿಲ ಹತ್ತಿರ ನಿಲ್ಲಬೇಕು. ಅದು ಬಂದಮೇಲೆ ಹತ್ತುವುದು, ಆಮೇಲೆ ಗೇಟು ದಾಟುವುದು, ಆಮೇಲೆ ಕೌಂಟರ್‌ನಲ್ಲಿ "ಉಣಕಲ್, ಒಂದು" ಅಂತ ಕೇಳಿ ಟಿಕೆಟ್ ತಗೊಳ್ಳುವುದು. ಎಲ್ಲಕ್ಕಿಂತ ಕೊನೆಗೆ ಮನೆಯಿಂದ ನಿಲ್ದಾಣದ ದಾರಿ, ಯಾಕೆಂದರೆ ಅದೇ ಅಪಾಯದ್ದು. ನಿಲ್ದಾಣ ರಸ್ತೆಯ ನಟ್ಟನಡುವೆ ಇದೆ, ಅಲ್ಲಿಗೆ ಮುಟ್ಟಲು ಲಾರಿ, ಕಾರು ಓಡುವ ಅರ್ಧ ರಸ್ತೆ ದಾಟಬೇಕು. ಸಿಗ್ನಲ್ ಇಲ್ಲದ ಕಡೆ ದಾಟಲು ಕಲಿಸಲೇಬೇಡಿ. 200 ಹೆಜ್ಜೆ ಹೆಚ್ಚಾದರೂ ಸಿಗ್ನಲ್ ಇರುವ ಒಂದೇ ಜಾಗ ಗೊತ್ತು ಮಾಡಿ. ಪ್ರತಿ ಹಂತ ಐದು ದಿನ ಒಂದರ ಹಿಂದೊಂದು ನೀವು ಬಾಯಿ ಬಿಡದೆ ಸರಿಯಾಗಿ ಮಾಡಿದರೆ ಮುಂದಿನದಕ್ಕೆ ಹೋಗಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿ. ನೀವು ದೂರ ಸರಿಯುವುದೂ ಹಂತ ಹಂತವಾಗಿ ಆಗಬೇಕು: ಪಕ್ಕದ ಸೀಟು, ಎರಡು ಸೀಟು ಹಿಂದೆ, ಬಸ್ಸಿನ ಇನ್ನೊಂದು ತುದಿ, ಕೊನೆಗೆ ಅತ್ತ ಕಡೆ ನಿಲ್ದಾಣದಲ್ಲಿ ಅಪ್ಪ ಕಾಯುವುದು, ನೀವು ಇತ್ತ ಹತ್ತಿಸುವುದು. ಮೂರು ನಾಲ್ಕು ತಿಂಗಳ ಕೆಲಸ ಇದು.

ಎಲ್ಲಿ ಕೆಡುತ್ತದೆ ಅಂತ ಮೊದಲೇ ಹೇಳುತ್ತೇನೆ. 100-ಡಿ ಎಲ್ಲ ನಿಲ್ದಾಣಕ್ಕೂ ನಿಲ್ಲುತ್ತದೆ, 200-ಡಿ ಎಕ್ಸ್‌ಪ್ರೆಸ್. ಎರಡೂ ಒಂದೇ ಬಣ್ಣ, ಒಂದೇ ಆಕಾರ. ಹುಡುಗ ಸರಿಯಾಗಿ ಕಲಿತೂ ಎಕ್ಸ್‌ಪ್ರೆಸ್ ಹತ್ತಿ ತನ್ನ ನಿಲ್ದಾಣ ದಾಟಿಹೋದರೆ ಗಾಬರಿಯಾಗಿ ಮತ್ತೆ ಬಸ್ಸೇ ಬೇಡ ಅನ್ನುತ್ತಾನೆ. "100-ಡಿ" ಅಂತ ದಪ್ಪಕ್ಷರದಲ್ಲಿ ಬರೆದ ಚೀಟಿ ಅಂಗಿ ಜೇಬಿನಲ್ಲಿರಲಿ. ಓದುವುದಲ್ಲ, ಚೀಟಿ ಮತ್ತು ಬಸ್ಸಿನ ಬೋರ್ಡು ಹೋಲಿಸುವುದು. ಇನ್ನೊಂದು ಉಪಾಯ, ನೀವೇ ಜೊತೆಗಿದ್ದು ಬೇಕೆಂದೇ ತಪ್ಪು ನಿಲ್ದಾಣದಲ್ಲಿ ಇಳಿಯಿರಿ. "ಈಗ ಏನು ಮಾಡೋದು?" ಹೊರಗೆ ಹೋಗಬಾರದು, ಕಟ್ಟೆ ಮೇಲೇ ನಿಲ್ಲಬೇಕು, ಮನೆಗೆ ಫೋನ್ ಮಾಡಬೇಕು, ಸಮವಸ್ತ್ರದ ಸಿಬ್ಬಂದಿಗೆ ಚೀಟಿ ತೋರಿಸಬೇಕು. ಇದನ್ನು ಆರೇಳು ಸಲ ಆಡಿಸಿ. ತಪ್ಪಿದಾಗ ಏನು ಮಾಡಬೇಕೆಂದು ಗೊತ್ತಿರುವ ಹುಡುಗ ತಪ್ಪದೇ ಹೋಗುವ ಹುಡುಗನಿಗಿಂತ ಸುರಕ್ಷಿತ. ಸಹಾಯದ ಚೀಟಿಯಲ್ಲಿ ಹೆಸರು, ಎರಡು ಫೋನ್ ನಂಬರು, "ನನಗೆ ದಾರಿ ತಪ್ಪಿದೆ, ಇವರಿಗೆ ಫೋನ್ ಮಾಡಿ" ಇಷ್ಟೇ ಸಾಕು. ಮನೆ ವಿಳಾಸವಾಗಲಿ ಬುದ್ಧಿಮಾಂದ್ಯ ಅನ್ನುವ ಪದವಾಗಲಿ ಬೇಡ. ಕೆಟ್ಟವರ ಕೈಗೂ ಅದೇ ಚೀಟಿ ಸಿಗಬಹುದು. ಗಡಿಯಾರದ ಮುಳ್ಳು ಕಲಿಸಲು ಇನ್ನು ಹೊತ್ತು ಕಳೆಯಬೇಡಿ. ಗುಂಡಿ ಫೋನಿನಲ್ಲಿ 8-15ಕ್ಕೆ ಅಲಾರಂ ಹೊಡೆದರೆ ಚಪ್ಪಲಿ ಹಾಕಿಕೊಳ್ಳಬೇಕು, ಅಷ್ಟಾದರೆ ಸಾಕು.

ಕೆಲಸ ಕಲಿಸಲು ನಿಮ್ಮ ಮನೆಯಲ್ಲೇ ಕಾರ್ಖಾನೆ ಇದೆ. ಕಡಕ್ ರೊಟ್ಟಿ ಹತ್ತರ ಪ್ಯಾಕೆಟ್ ಕಟ್ಟುವುದನ್ನು ತಗೊಳ್ಳಿ. ನಮಗೆ ಅದು ಒಂದು ಕೆಲಸ, ಅವನಿಗೆ ಹನ್ನೊಂದು: ಕೈ ತೊಳೆ, ಒರೆಸು, ತಲೆಗೆ ಟೋಪಿ ಹಾಕು, ರೊಟ್ಟಿ ಬುಟ್ಟಿ ಎಡಕ್ಕಿಡು, ಎಣಿಕೆ ಪಟ್ಟಿ ಮುಂದಿಡು, ಒಂದು ರೊಟ್ಟಿ ಎರಡೂ ಕೈಯಿಂದ ಎತ್ತು, ಮುರಿದದ್ದಾದರೆ ಬೇರೆ ತಾಟಿಗೆ ಹಾಕು, ಇಡಿಯದ್ದಾದರೆ ಅಟ್ಟಿ ಮೇಲಿಟ್ಟು ಒಂದು ಬಿರಡೆ ಸರಿಸು, ಪಟ್ಟಿ ತುಂಬಿದರೆ ನಿಲ್ಲು, ಅಟ್ಟಿಯನ್ನು ಚೀಲಕ್ಕೆ ಇಳಿಸು, ಬಾಯಿ ಮಡಚಿ ಟೇಪು ಹಚ್ಚು. ಎಣಿಕೆ ಪಟ್ಟಿ ಅಂದರೆ ರಟ್ಟಿನ ಮೇಲೆ ಎಳೆದ ಹತ್ತು ಮನೆ, ಪಕ್ಕದ ಬಟ್ಟಲಲ್ಲಿ ಬಾಟಲಿಯ ಹತ್ತು ಬಿರಡೆ. ರೊಟ್ಟಿಗೊಂದು ಬಿರಡೆ ಮನೆಗೆ ಹೋಗುತ್ತದೆ. ಬಟ್ಟಲು ಖಾಲಿಯಾದರೆ ಹತ್ತಾಯಿತು. ಬಾಯಲ್ಲಿ ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿ ಒಂಬತ್ತೋ ಹನ್ನೊಂದೋ ಆಗುತ್ತದೆ, ಬಿರಡೆ ತಪ್ಪುವುದಿಲ್ಲ. ಪಟ್ಟಿ ಹಿಡಿದು ಎಣಿಸುವುದು ನಾಚಿಕೆಯ ಕೆಲಸವಲ್ಲ. ದೊಡ್ಡ ಕಾರ್ಖಾನೆಗಳಲ್ಲೂ ಕೈ ತಪ್ಪದಂತೆ ಇಂಥ ಅಚ್ಚು ಇಟ್ಟಿರುತ್ತಾರೆ.

ಹೇಳಿಕೊಡುವಾಗ ಮಾತು ಕಡಿಮೆ ಮಾಡಿ. ಮೊದಲು ಕೈ ಹಿಡಿದು ಮಾಡಿಸಿ, ಆಮೇಲೆ ಮಾಡಿ ತೋರಿಸಿ, ಆಮೇಲೆ ಬೆರಳು ತೋರಿಸಿ, ಆಮೇಲೆ ಸುಮ್ಮನೆ ಐದು ಸೆಕೆಂಡು ಕಾಯಿರಿ. ತಾಯಂದಿರು ಸೋಲುವುದು ಈ ಐದು ಸೆಕೆಂಡಿನಲ್ಲಿ. ಅವನು ಯೋಚಿಸುತ್ತಿರುವಾಗಲೇ "ಟೇಪ್ ಹಚ್ಚೋ" ಅಂದುಬಿಟ್ಟರೆ ಅವನು ಕಲಿಯುವುದು ಟೇಪು ಹಚ್ಚುವುದನ್ನಲ್ಲ, ನಿಮ್ಮ ಮಾತಿಗೆ ಕಾಯುವುದನ್ನು. ದಿನಕ್ಕೆ 20 ಪ್ಯಾಕೆಟ್ ಕಟ್ಟಿಸಿ, ನೀವು ತಿರುಗಿ ಎಣಿಸಿ, ತಪ್ಪಿದ್ದೆಷ್ಟು ಅಂತ ಕ್ಯಾಲೆಂಡರ್ ಮೇಲೆ ಬರೆಯಿರಿ. ಒಂದು ವಾರ ಪೂರ್ತಿ ಸೊನ್ನೆ ಬಂದಮೇಲೆ ವೇಗದ ಮಾತು, ಅದಕ್ಕೂ ಮೊದಲಲ್ಲ. ಕೂರುವ ಹೊತ್ತು 20 ನಿಮಿಷದಿಂದ ಶುರು ಮಾಡಿ ವಾರಕ್ಕೆ 5 ನಿಮಿಷ ಹೆಚ್ಚಿಸಿದರೆ 20 ವಾರಕ್ಕೆ ಎರಡು ತಾಸು ಆಗುತ್ತದೆ. ಶನಿವಾರ ಸಂಜೆ ಕೂಲಿ ಅವನ ಕೈಗೇ ಕೊಡಿ, ಪ್ಯಾಕೆಟ್ಟಿಗೆ ಒಂದು ರೂಪಾಯಿ ಆದರೂ ಸರಿ. ಅವನ ಎದುರೇ ಗಿರ್ಮಿಟ್ಟಿಗೆ ಖರ್ಚಾಗಲಿ. ಮಾಡಿದ ಕೆಲಸಕ್ಕೂ ಕೈಗೆ ಬಂದ ದುಡ್ಡಿಗೂ ನಂಟಿದೆ ಅನ್ನುವುದು ಹೇಳಿದರೆ ತಿಳಿಯುವುದಲ್ಲ.

ಮನೆಯಲ್ಲಿ ಬಂದದ್ದು ಹೊರಗೆ ಬರುವುದಿಲ್ಲ ಅನ್ನುವುದು ಈ ಮಕ್ಕಳ ದೊಡ್ಡ ತೊಡಕು. ಅದೇ ರೊಟ್ಟಿ, ಅದೇ ಚೀಲ, ಆದರೆ ಬೇರೆ ಮನೆ, ಬೇರೆ ಬೈಗುಳ. ಅದಕ್ಕೆ 16 ತುಂಬಿದ ಮೇಲೆ ಸೂಟಿಯಲ್ಲಿ ಪರಿಚಯದವರ ರೊಟ್ಟಿ ಕೇಂದ್ರವೋ ಖಾನಾವಳಿಯೋ ನೋಡಿ ಎರಡು ವಾರ ಕಳಿಸಿ. ಆಮೇಲೆ ಇನ್ನೆರಡು ಬೇರೆ ತರಹದ ಜಾಗ: ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದು, ಸಸಿಗಳ ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವುದು. ಗದಗಿನಲ್ಲಿ ಬಳಗದವರಿದ್ದರೆ ಅಲ್ಲಿ ಮುದ್ರಣಾಲಯ ಹೆಚ್ಚು, ಹಾಳೆ ಮಡಚಿ ಜೋಡಿಸುವ ಕೆಲಸ ಸಿಕ್ಕೀತು. ಯಾವುದರಲ್ಲಿ ಅವನು ಮರುದಿನ ತಾನೇ ಎದ್ದು ಹೊರಡುತ್ತಾನೆ ನೋಡಿ. 14ರಿಂದ 18 ವರ್ಷದವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು ಅಂತ ಕಾನೂನಿದೆ, ಕುದಿಯುವ ಎಣ್ಣೆ, ಯಂತ್ರದ ಬ್ಲೇಡು ಈಗ ಬೇಡ. ಅವನಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ 18 ಆದಮೇಲೂ ಬೇಡ. ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಸುಲಭವಾಗಿ ಸಿಗುತ್ತದೆ ಅಂತ ಕೆಲವರು ಕಳಿಸುತ್ತಾರೆ. ದಮ್ಮಿನ ತೊಂದರೆ ಇದ್ದವರಿಗೆ ಆ ಘಾಟು ಆಗಿಬರುವುದಿಲ್ಲ, ಮತ್ತು ಖಾರದ ಕೈಯಲ್ಲಿ ಕಣ್ಣು ಉಜ್ಜಬಾರದು ಅನ್ನುವುದು ಮೊದಲೇ ರೂಢಿಯಾಗಿರಬೇಕು. ಅಪ್ಪನ ಜೊತೆಯೇ ಎಪಿಎಂಸಿ ಅಂಗಡಿಯಲ್ಲಿ ಕೂರಿಸುವುದು ಎಲ್ಲಕ್ಕಿಂತ ಸುಲಭ, ಅದನ್ನು ಕೊನೆಗಿಡಿ. ಅಪ್ಪ ನಿವೃತ್ತರಾದ ದಿನ ಮಗನೂ ನಿವೃತ್ತನಾಗುತ್ತಾನೆ.

ದುಡ್ಡಿಗೆ ಚಿಲ್ಲರೆ ಲೆಕ್ಕ ಬೇಕಿಲ್ಲ. ಹತ್ತರ ನೋಟುಗಳಷ್ಟೇ ಕೊಟ್ಟು "ಮೇಲೊಂದು" ಕಲಿಸಿ: ಅಂಗಡಿಯವರು ಮೂವತ್ತ ನಾಲ್ಕು ಅಂದರೆ "ಮೂವತ್ತು" ಕೇಳಿಸಿತು, ಮೂರು ನೋಟು, ಮೇಲೊಂದು. ಚಿಲ್ಲರೆ ವಾಪಸ್ ಬರುತ್ತದೆ, ಎಣಿಸದೆ ಜೇಬಿಗೆ. ಇವನ ವಯಸ್ಸಿನವರಿಗೆ ಫೋನ್‌ಪೇ ಆಸೆ ಇದ್ದೇ ಇರುತ್ತದೆ. ನಿಮ್ಮ ಪಿನ್ ಹೇಳಿಕೊಡಬೇಡಿ. ಯುಪಿಐ ಸರ್ಕಲ್ ಅಂತ ಒಂದು ಸೌಲಭ್ಯ ಇದೆ, ಅದರಲ್ಲಿ ಅವನು ಸ್ಕ್ಯಾನ್ ಮಾಡಿದರೂ ಪ್ರತಿ ಪಾವತಿಗೆ ನೀವು ನಿಮ್ಮ ಫೋನಿನಲ್ಲಿ ಒಪ್ಪಬೇಕು ಎಂದು ಇಡಬಹುದು.

ಮೈಯ ವಿಷಯ ಮನೆಗಳಲ್ಲಿ ಮಾತಾಡುವುದಿಲ್ಲ, ಅದಕ್ಕೇ ತೊಂದರೆಯಾಗುತ್ತದೆ. ಸ್ನಾನದ ಕೋಣೆ ಬಾಗಿಲು ಹಾಕಿ ಮಾಡುವ ಸಂಗತಿಗಳು ಯಾವುವು, ಎಲ್ಲರೆದುರು ಮಾಡುವುದು ಯಾವುದು ಅಂತ ಅಪ್ಪನೇ ಕೂತು, ಬೈಯದೆ, ನೇರ ಪದಗಳಲ್ಲಿ ಹೇಳಲಿ. ಇಷ್ಟು ದೊಡ್ಡವನನ್ನು ನೀವೇ ಮೈ ತೊಳೆಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಯಾರು ಬೇಕಾದರೂ ಮೈ ಮುಟ್ಟಬಹುದು ಅಂತ ತಿಳಿದ ಹುಡುಗ "ಬ್ಯಾಡ" ಅನ್ನಲು ಕಲಿಯುವುದಿಲ್ಲ, ಹಾಗೆಯೇ ಹೆಣ್ಣುಮಕ್ಕಳ ಮೈ ಮುಟ್ಟಿ ಮಾತಾಡಿಸುವುದು 6ರಲ್ಲಿ ಮುದ್ದು, 16ರಲ್ಲಿ ಪೊಲೀಸ್ ಕೇಸು. ಪೋಕ್ಸೊ ಕಾಯ್ದೆ 18 ವರ್ಷದೊಳಗಿನ ಗಂಡುಮಕ್ಕಳಿಗೂ ರಕ್ಷಣೆ ಕೊಡುತ್ತದೆ. ಮಕ್ಕಳ ಸಹಾಯವಾಣಿ 1098.

ನೀವು ಕೊನೆಗೆ ಕೇಳಿದ್ದು, ನಮ್ಮ ನಂತರ ಯಾರು ಅಂತ. 18 ತುಂಬಿದ ಮರುದಿನದಿಂದ ಕಾನೂನಿನ ಕಣ್ಣಿಗೆ ಅವನು ದೊಡ್ಡವನು, ತಾಯಿ ಎಂಬ ಕಾರಣಕ್ಕೇ ಅವನ ಪರವಾಗಿ ಸಹಿ ಹಾಕಲು ಬರುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಮತ್ತು ಬಹುವಿಧ ಅಸಾಮರ್ಥ್ಯ ಇರುವವರಿಗೆ ಪಾಲಕರನ್ನು ನೇಮಿಸುವ ಅಧಿಕಾರವನ್ನು ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಕೊಟ್ಟಿದೆ. ನ್ಯಾಯಾಲಯಕ್ಕೆ ಅಲೆಯಬೇಕಿಲ್ಲ. ಆದರೆ ಶೇ. 50 ಇರುವ, ಬಸ್ಸಿನಲ್ಲಿ ಓಡಾಡುವ, ಕೂಲಿ ತರುವ ಹುಡುಗನ ಎಲ್ಲ ನಿರ್ಧಾರವನ್ನೂ ಇನ್ನೊಬ್ಬರ ಕೈಗೆ ಕೊಡುವುದು ಹೆಚ್ಚಾಯಿತು ಅನ್ನಿಸುತ್ತದೆ. 2016ರ ಕಾಯ್ದೆಯ 14ನೇ ಕಲಮಿನಲ್ಲಿ ಸೀಮಿತ ಪಾಲಕತ್ವ ಇದೆ: ಇಂಥ ವಿಷಯಕ್ಕೆ, ಇಷ್ಟು ಕಾಲಕ್ಕೆ, ಅವನ ಜೊತೆ ಮಾತಾಡಿ. ಆಸ್ತಿ, ಬ್ಯಾಂಕಿನ ದೊಡ್ಡ ಮೊತ್ತ ಇದ್ದರೆ ಮಾತ್ರ ಸಮಿತಿಗೆ ಹೋಗಿ. ಹೋದರೆ ನೆನಪಿಡಿ, ಪಾಲಕರಾದವರು 6 ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳಲ್ಲಿ ಲೆಕ್ಕ ಒಪ್ಪಿಸಬೇಕು. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ನೋಡಿಕೊಳ್ಳುತ್ತದೆ, ಇದಕ್ಕೆ 18ರ ತನಕ ಕಾಯಬೇಕಿಲ್ಲ, ಈಗಲೇ ಮಾಡಿಸಿ. ವರ್ಷ ವರ್ಷ ನವೀಕರಿಸದೆ ಬಿಟ್ಟರೆ ಹೋಯಿತು. ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ, ಆದಾಯ ಪ್ರಮಾಣಪತ್ರದ ಜೊತೆಗೆ. ಹಳ್ಳಿಯಲ್ಲಿರುವ ಓದುಗರಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ) ಇಂಥ ಅರ್ಜಿಗಳಿಗೆ ನೆರವಾಗಬೇಕು, ಅದೇ ಅವರ ಕೆಲಸ.

ಅಕ್ಕನ ಮಾತು. ಅವಳು ನೋಡಿಕೊಳ್ಳುತ್ತಾಳೆ ಅಂತ ನೀವಿಬ್ಬರೇ ತೀರ್ಮಾನ ಮಾಡಿಕೊಂಡು ಕೂರಬೇಡಿ, ಮದುವೆಗೆ ಮುಂಚೆ ಅವಳನ್ನೇ ಕೇಳಿ. "ಅವನನ್ನು ಸಾಕುತ್ತೀಯಾ" ಅಂತ ಕೇಳಿದರೆ ಯಾರೂ ಹೂಂ ಅನ್ನಲು ಹೆದರುತ್ತಾರೆ. "ತಿಂಗಳಿಗೊಮ್ಮೆ ಅವನ ಪಾಸ್‌ಬುಕ್ ನೋಡ್ತೀಯಾ, ವರ್ಷಕ್ಕೊಮ್ಮೆ ವಿಮೆ ನವೀಕರಿಸ್ತೀಯಾ, ಅವನು ಫೋನ್ ಮಾಡಿದರೆ ಎತ್ತುತ್ತೀಯಾ" ಅಂದರೆ ಅದು ಹೊರಬಲ್ಲ ಭಾರ. ಒಂದು ಪ್ಲಾಸ್ಟಿಕ್ ಫೈಲು ತಂದು ಅದರಲ್ಲಿ ಯುಡಿಐಡಿ, ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ವರ್ಗಾವಣೆ ಪತ್ರ, ವಿಮೆಯ ಕಾಗದ, ಪಾಸ್‌ಬುಕ್, ತಗೊಳ್ಳುವ ಗುಳಿಗೆಗಳ ಹೆಸರು ಮತ್ತು ಪ್ರಮಾಣ ಇಡಿ. ಮೇಲೊಂದು ಹಾಳೆಯಲ್ಲಿ ಅವನಿಗೆ ಏನು ಸೇರುತ್ತದೆ, ಯಾವುದಕ್ಕೆ ಹೆದರುತ್ತಾನೆ, ಸಿಟ್ಟು ಬಂದಾಗ ಹೇಗೆ ಸಮಾಧಾನ ಮಾಡಬೇಕು ಅಂತ ನಿಮ್ಮ ಕೈಯಲ್ಲೇ ಬರೆಯಿರಿ. ಫೈಲು ಎಲ್ಲಿದೆ ಅಂತ ಅವಳಿಗೂ ಗೊತ್ತಿರಲಿ, ಅವನಿಗೂ.